ಸ್ವಭಾವ ನೋಡಿ ಮಕ್ಕಳನ್ನು ತಂಡದಿಂದ ಬಿಡಬೇಡಿ

ಹಾಸನ ಜಿಲ್ಲೆಯಲ್ಲಿ ಶಾಲಾ ತಂಡಗಳನ್ನು ಆರಿಸುವ ದೈಹಿಕ ಶಿಕ್ಷಕರಿಗೆ, ಕೋಚ್‌ಗಳಿಗೆ, ಆಯ್ಕೆ ಸಮಿತಿಯವರಿಗೆ, ಮುಖ್ಯ ಶಿಕ್ಷಕರಿಗೆ ಮತ್ತು ಮಕ್ಕಳ ಅಪ್ಪ ಅಮ್ಮಂದಿರಿಗೆ,

ಎಲ್ಲರಿಗೂ ನಮಸ್ಕಾರ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಕಿ. ಹೋಬಳಿ ಮಟ್ಟದ ಕ್ರೀಡಾಕೂಟಗಳು ಹತ್ತಿರ ಬಂದಿವೆ. ಎಲ್ಲ ಶಾಲೆಗಳಲ್ಲೂ ಈಗ ಸೆಲೆಕ್ಷನ್ ನಡೆಯುತ್ತಿದೆ, ಇಲ್ಲವೇ ಮಳೆ ಬಿಡಲಿ ಅಂತ ಕಾಯುತ್ತಿದ್ದಾರೆ. ಈ ಹೊತ್ತಿನಲ್ಲಿ ನಿಮ್ಮನ್ನು ಒಂದು ವಿಷಯ ಕೇಳಿಕೊಳ್ಳಬೇಕು. ಮಗುವಿನ ಓಟ ನೋಡಿ, ಎಸೆತ ನೋಡಿ, ದಮ್ಮು ನೋಡಿ. ಅದರಲ್ಲಿ ಹಿಂದೆ ಬಿದ್ದರೆ ಬೇರೆ ಮಗುವನ್ನು ಆರಿಸಿ, ನನ್ನ ತಕರಾರಿಲ್ಲ. ಆದರೆ ‘ಇವನು ಮೆದು’, ‘ಇವಳಿಗೆ ಛಲ ಇಲ್ಲ’ ಅಂತ ಸ್ವಭಾವದ ಮೇಲೆ ಷರಾ ಬರೆದು ಯಾವ ಮಗುವನ್ನೂ ಕೈಬಿಡಬೇಡಿ.

ಕಳೆದ ವರ್ಷ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಖೋ-ಖೋ ಆಯ್ಕೆಗೆ ಹೋಗಿದ್ದಳು. ಎಲ್ಲಿ, ಯಾರು ಆರಿಸಿದರು ಅನ್ನುವುದು ಇಲ್ಲಿ ಬೇಡ. ಅವಳದು ಮಾತು ಕಡಿಮೆ. ಹೆಸರು ಕರೆದರೆ ನೆಲ ನೋಡಿಕೊಂಡೇ ಬರುತ್ತಾಳೆ. ಆದರೆ ಕಂಬದ ಹತ್ತಿರ ಅವಳನ್ನು ಮುಟ್ಟುವುದು ಬಹಳ ಕಷ್ಟ. ಬಲಕ್ಕೆ ಹೋಗುವವಳ ಹಾಗೆ ಭುಜ ತಿರುಗಿಸುತ್ತಾಳೆ, ಎಡಕ್ಕೆ ಜಾರುತ್ತಾಳೆ. ಅಟ್ಟಿಸಿಕೊಂಡು ಬಂದವಳು ಅಷ್ಟರಲ್ಲಿ ಕಂಬ ದಾಟಿ ಹೋಗಿರುತ್ತಾಳೆ. ಅವತ್ತೂ ಹಾಗೇ ಆಡಿದಳು. ಆಮೇಲೆ ಎದುರು ತಂಡದ ಹುಡುಗಿ ಡೈವ್ ಹೊಡೆದು, ಮಂಡಿ ತರಚಿಕೊಂಡು ಬಿದ್ದಳು. ನಮ್ಮವಳು ನಿಂತು ತಿರುಗಿ ನೋಡಿದಳು. ಬಿದ್ದವಳು ಕೈ ಚಾಚಿ ಪಕ್ಕದಲ್ಲಿ ಕೂತವಳಿಗೆ ಖೋ ಕೊಟ್ಟಳು. ಎರಡು ಹೆಜ್ಜೆಗೆ ನಮ್ಮವಳು ಔಟ್. ಹಾಳೆಯ ಕೊನೆಯಲ್ಲಿ ಬರೆದಿದ್ದರು: ‘ಸ್ಕಿಲ್ ಚೆನ್ನಾಗಿದೆ. ಫೈಟಿಂಗ್ ಸ್ಪಿರಿಟ್ ಇಲ್ಲ.’ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ.

ಅಲ್ಲಿ ನಿಂತದ್ದು ಆಟದ ತಪ್ಪೇ. ಅದನ್ನು ತಿದ್ದಬಹುದು. ‘ಸೀಟಿ ಆಗುವ ತನಕ ಓಡು, ಆಮೇಲೆ ಹೋಗಿ ಅವಳನ್ನು ಎತ್ತು’ ಅಂತ ನಾಲ್ಕು ದಿನ ಹೇಳಿಕೊಟ್ಟರೆ ಯಾವ ಮಗುವಾದರೂ ಕಲಿಯುತ್ತದೆ. ಆದರೆ ಆಟದ ತಪ್ಪನ್ನು ಗುಣದ ತಪ್ಪು ಅಂತ ಬರೆದರೆ ತಿದ್ದುವುದಕ್ಕೆ ದಾರಿಯೇ ಇಲ್ಲದ ಹಾಗಾಗುತ್ತದೆ. ಹದಿನಾಲ್ಕು ವರ್ಷದ ಹುಡುಗಿ ಆ ಮಾತನ್ನು ನಂಬಿಬಿಡುತ್ತಾಳೆ. ಮನೆಯವರೂ ನಂಬುತ್ತಾರೆ.

ನಮ್ಮ ಜಿಲ್ಲೆಯ ಊರಿನ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದ ಆಟಗಾರನನ್ನೇ ನೆನಪಿಸಿಕೊಳ್ಳಿ. ಜಾವಗಲ್ ನಮ್ಮ ತಾಲ್ಲೂಕಿನದೇ. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, ಆದರೆ ಹೆಸರಿನ ಮುಂದಿರುವ ಊರು ನಮ್ಮದು. ವೇಗದ ಬೌಲರ್ ಅಂದರೆ ಬ್ಯಾಟ್ಸ್‌ಮನ್‌ನನ್ನು ಗುರಾಯಿಸಬೇಕು, ಎರಡು ಮಾತು ಬೈಯಬೇಕು ಅಂತ ಎಷ್ಟೋ ಜನ ನಂಬಿದ್ದ ಕಾಲ ಅದು. ಶ್ರೀನಾಥ್ ಹಾಗಿರಲಿಲ್ಲ, ಸೌಮ್ಯ ಮನುಷ್ಯ. 1999ರ ಫೆಬ್ರುವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಎದುರು ಟೆಸ್ಟ್. ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಿದ್ದರು. ಇನ್ನೊಂದು ಬಾಕಿ. ಆಗ ಇನ್ನೊಂದು ತುದಿಯಿಂದ ಬೌಲ್ ಮಾಡಿದ ಶ್ರೀನಾಥ್ ತಮಗೆ ವಿಕೆಟ್ ಬೀಳದಿರಲಿ ಅಂತ ಚೆಂಡನ್ನು ಆಫ್ ಸ್ಟಂಪಿನ ಆಚೆ ಆಚೆಯೇ ಹಾಕಿದರು. ಗೆಳೆಯನಿಗೆ ಹತ್ತನೇ ವಿಕೆಟ್ ಸಿಕ್ಕಿತು.

ಅದೇ ತಿಂಗಳು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮತ್ತೆ ಪಾಕಿಸ್ತಾನ. ಎರಡನೇ ಇನಿಂಗ್ಸ್‌ನಲ್ಲಿ ಶ್ರೀನಾಥ್ 86 ರನ್ ಕೊಟ್ಟು 8 ವಿಕೆಟ್ ತೆಗೆದರು. ಪಂದ್ಯದಲ್ಲಿ ಒಟ್ಟು 13. ಭಾರತ ಸೋತಿತು, ಆದರೆ ಆ ಬೌಲಿಂಗ್ ನೋಡಿದವರು ಈಗಲೂ ಅದರ ಮಾತಾಡುತ್ತಾರೆ. ಟೆಸ್ಟ್‌ನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ತೆಗೆದವರು ಅವರು. ದೆಹಲಿಯಲ್ಲಿ ಬಿಟ್ಟುಕೊಟ್ಟವರು, ಕೋಲ್ಕತ್ತದಲ್ಲಿ ಎಂಟು ವಿಕೆಟ್ ಕಿತ್ತವರು ಇಬ್ಬರಲ್ಲ, ಒಬ್ಬರೇ. ಮೆದು ಮನಸ್ಸು ಇದ್ದರೆ ಹೋರಾಟ ಇರುವುದಿಲ್ಲ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಫೆಬ್ರುವರಿಯ ಕಥೆಯನ್ನೇ.

‘ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಮೇಡಂ’ ಅಂತ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿದರು. ದೊಡ್ಡವರ ವಿಷಯದಲ್ಲಿ ಆ ಗಾದೆಯಲ್ಲಿ ಸ್ವಲ್ಪ ಸತ್ಯ ಇದೆ. ಮಕ್ಕಳ ವಿಷಯದಲ್ಲಿ ಬಹಳ ಕಡಿಮೆ. ಬ್ರೆಂಟ್ ರಾಬರ್ಟ್ಸ್ ಮತ್ತು ವೆಂಡಿ ಡೆಲ್‌ವೆಕ್ಕಿಯೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು, ಒಂದೇ ಜನರನ್ನು ವರ್ಷಗಟ್ಟಲೆ ಗಮನಿಸಿದ 152 ಅಧ್ಯಯನಗಳನ್ನು ಒಟ್ಟುಗೂಡಿಸಿ 2000ದಲ್ಲಿ ಪ್ರಕಟಿಸಿದರು. ಅವರು ಹುಡುಕಿದ್ದು ಇಷ್ಟು: ಇವತ್ತು ಗುಂಪಿನಲ್ಲಿ ಎಲ್ಲರಿಗಿಂತ ಸಂಕೋಚದವನು ಕೆಲವು ವರ್ಷ ಬಿಟ್ಟು ನೋಡಿದರೂ ಎಲ್ಲರಿಗಿಂತ ಸಂಕೋಚದವನೇನಾ? ಇದನ್ನು ಅಳೆಯುವ ಅಂಕಿಯಲ್ಲಿ 1 ಅಂದರೆ ಯಾರ ಸ್ಥಾನವೂ ಬದಲಾಗಿಲ್ಲ, 0 ಅಂದರೆ ಮೊದಲಿಗೂ ಆಮೇಲಿಗೂ ಸಂಬಂಧವೇ ಇಲ್ಲ. ಬಾಲ್ಯದಲ್ಲಿ ಅದು 0.31. ಕಾಲೇಜಿನ ವಯಸ್ಸಿಗೆ 0.54. ಮೂವತ್ತಕ್ಕೆ 0.64. ಐವತ್ತು ದಾಟಿದ ಮೇಲೆ 0.74ರ ಹತ್ತಿರ. ಅಂದರೆ ಸ್ವಭಾವ ತುಂಬಾ ಅಲುಗಾಡುವುದು ನಮ್ಮ ಕೈಯಲ್ಲಿ ಮಕ್ಕಳಿರುವ ವಯಸ್ಸಿನಲ್ಲೇ. ಅದೇ ವಯಸ್ಸಿನಲ್ಲಿ ನಾವು ‘ಇವನ ಗುಣವೇ ಇಷ್ಟು’ ಅಂತ ಗೆರೆ ಎಳೆಯುತ್ತಿದ್ದೇವೆ.

ಆಟಗಾರರ ಸ್ವಭಾವವೇ ಬೇರೆ ಅಲ್ವಾ ಅಂತ ಕೇಳುವವರಿದ್ದಾರೆ. ಸರಾಸರಿ ತೆಗೆದರೆ ಸ್ವಲ್ಪ ಬೇರೆ, ನಿಜ. ಆಟ ಆಡುವವರು ಆಡದವರಿಗಿಂತ ಜನರ ಜೊತೆ ಜಾಸ್ತಿ ಬೆರೆಯುತ್ತಾರೆ, ಹಿಡಿದ ಕೆಲಸವನ್ನು ಶಿಸ್ತಿನಿಂದ ಮುಗಿಸುತ್ತಾರೆ, ಬೇಗ ಕಂಗಾಲಾಗುವುದಿಲ್ಲ. ಒಂಟಿಯಾಗಿ ಆಡುವ ಆಟಗಳವರಲ್ಲಿ ಶಿಸ್ತು ಒಂದು ಕೈ ಮೇಲು, ತಂಡದ ಆಟದವರಲ್ಲಿ ಬೆರೆಯುವ ಗುಣ ಮೇಲು ಅಂತಲೂ ಹಲವು ಅಧ್ಯಯನಗಳು ಹೇಳಿವೆ. ಆದರೆ ಇದು ಗುಂಪಿನ ಲೆಕ್ಕ. ನಿಮ್ಮ ಮುಂದೆ ನಿಂತ ಒಂದು ಮಗುವಿಗೆ ಅದನ್ನು ಹಚ್ಚಲು ಬರುವುದಿಲ್ಲ. ಮತ್ತೆ, ಆ ಗುಣ ಇದ್ದವರು ಆಟಕ್ಕೆ ಬಂದರೋ, ಆಡಿ ಆಡಿ ಆ ಗುಣ ಬಂತೋ? ಆಟಗಾರರನ್ನು ಒಂದು ಸಲ ಮಾತ್ರ ಕೂರಿಸಿ ಪ್ರಶ್ನೆಪತ್ರಿಕೆ ಕೊಟ್ಟರೆ ಅದು ಗೊತ್ತಾಗುವುದೇ ಇಲ್ಲ. ಅದಕ್ಕೆ ಅದೇ ಮಕ್ಕಳನ್ನು ವರ್ಷ ಬಿಟ್ಟು ವರ್ಷ ನೋಡಬೇಕು.

ಹಾಗೆ ನೋಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ಸಾವಿರಾರು ಮಕ್ಕಳ ಮಾಹಿತಿ ಇಟ್ಟುಕೊಂಡು ಮಾರ್ಕ್ ಅಲೆನ್ ಮತ್ತು ಜೊತೆಯವರು ಮಾಡಿದ ಅಧ್ಯಯನ 2015ರಲ್ಲಿ ಬಂತು. ಆಟ ಜಾಸ್ತಿ, ಟಿವಿ ಮತ್ತು ವಿಡಿಯೊ ಗೇಮ್ ಕಡಿಮೆ ಮಾಡಿದ ಚಿಕ್ಕ ಮಕ್ಕಳಲ್ಲಿ ವರ್ಷ ಕಳೆದ ಹಾಗೆ ಸಂಕೋಚ ಕರಗಿತ್ತು. ಹಿಡಿದದ್ದನ್ನು ಬಿಡದೆ ಮಾಡುವ ಗುಣವೂ ಅವರಲ್ಲಿ ಚೆನ್ನಾಗಿ ಉಳಿದಿತ್ತು. ಪವಾಡ ಏನೂ ಆಗಿಲ್ಲ, ಬದಲಾವಣೆ ಚಿಕ್ಕದೇ. ಆದರೆ ನನಗೆ ಅದರಲ್ಲಿ ಮುಖ್ಯ ಅನ್ನಿಸಿದ್ದು ಬೇರೆ. ಆ ಬದಲಾವಣೆ ಬರಬೇಕಾದರೆ ಮಗು ಆಟದಲ್ಲಿ ಇರಬೇಕು. ಸಂಕೋಚದ ಮಗುವನ್ನು ಸಂಕೋಚದ ಕಾರಣಕ್ಕೇ ಹೊರಗೆ ಕಳಿಸಿದರೆ, ಯಾವುದು ಅದಕ್ಕೆ ಸಹಾಯ ಮಾಡುತ್ತಿತ್ತೋ ಅದನ್ನೇ ನಾವು ಕಿತ್ತುಕೊಂಡ ಹಾಗೆ.

ಅನುಭವ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಖೋ-ಖೋ ಅಂಕಣದಲ್ಲಿ ಕಣ್ಣಾರೆ ನೋಡಬಹುದು. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಚೌಕಗಳಲ್ಲಿ ಕೂತಿರುತ್ತಾರೆ. ಒಬ್ಬರ ಮುಖ ಈ ಕಡೆ, ಪಕ್ಕದವರದು ಆ ಕಡೆ. ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಅನ್ನುವ ತನಕ ಏಳುವ ಹಾಗಿಲ್ಲ. ಓಡುವವಳು ಮೂಗಿನ ಮುಂದೆಯೇ ಹೋಗುತ್ತಿರುತ್ತಾಳೆ, ಕೈ ಚಾಚಿದರೆ ಸಿಗುತ್ತಾಳೆ, ಆದರೂ ಕೂತಿರಬೇಕು. ಒಂದು ಕ್ಷಣ ಮೊದಲು ಎದ್ದರೆ ಫೌಲ್. ಎದ್ದ ಮೇಲೆ ಒಂದು ದಿಕ್ಕಿಗೆ ಹೆಜ್ಜೆ ಹಾಕಿದರೆ ಕಂಬ ತಲುಪುವ ತನಕ ಹಿಂದಕ್ಕೆ ತಿರುಗುವ ಹಾಗಿಲ್ಲ. ನಡುಗೆರೆ ದಾಟುವ ಹಾಗಿಲ್ಲ.

ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ. ಎಂಟನೇ ತರಗತಿಗೆ ಬಂದಾಗ ಎರಡು ನಿಮಿಷ ಒಂದು ಕಡೆ ಕೂರುತ್ತಿರಲಿಲ್ಲ. ಕೂತರೆ ಪಕ್ಕದವನಿಗೆ ಗುದ್ದುತ್ತಿದ್ದ. ಚೌಕದಲ್ಲಿ ಕೂರಿಸಿದರೆ ಪ್ರತಿ ಸಲ ಖೋ ಸಿಗುವ ಮೊದಲೇ ಏಳುತ್ತಿದ್ದ, ಪ್ರತಿ ಸಲ ಫೌಲ್ ಆಗುತ್ತಿತ್ತು. ಜೊತೆಯವರು ಬೈದರು. ಅವನು ಅತ್ತ, ಸಿಟ್ಟು ಮಾಡಿಕೊಂಡು ಹೋದ, ಮಾರನೇ ದಿನ ಬಂದ. ಈಗ ಅವನು ಕೂತಿರುವುದನ್ನು ನೋಡಬೇಕು. ಒಂದು ಅಂಗಾಲು, ಎರಡು ಅಂಗೈ ನೆಲಕ್ಕೆ ಒತ್ತಿರುತ್ತವೆ, ಕತ್ತು ಮಾತ್ರ ಓಡುವವನ ಜೊತೆ ತಿರುಗುತ್ತಿರುತ್ತದೆ, ಮೈ ಅಲುಗುವುದಿಲ್ಲ. ತರಗತಿಯಲ್ಲಿ ಅವನು ಈಗಲೂ ಗಲಾಟೆಯೇ. ಗಣಿತದ ಮೇಷ್ಟ್ರು ಈಗಲೂ ದೂರು ಹೇಳುತ್ತಾರೆ. ಆಟ ಅವನನ್ನು ಪೂರ್ತಿ ಬದಲಾಯಿಸಿತು ಅಂತ ನಾನು ಹೇಳುವುದಿಲ್ಲ. ಆದರೆ ಕಾಯುವುದು ಅವನಿಂದಲೂ ಆಗುತ್ತದೆ ಅಂತ ಅವನಿಗೇ ಗೊತ್ತಾಗಿದೆ. ಅದನ್ನು ಬೇರೆ ಯಾರೂ ಅವನಿಗೆ ತೋರಿಸಿರಲಿಲ್ಲ.

ಇಲ್ಲಿ ನಮ್ಮ ಕಡೆಯ ಜವಾಬ್ದಾರಿಯ ಮಾತೂ ಬರುತ್ತದೆ. ಆಟ ಆಡಿದರೆ ಒಳ್ಳೆಯ ಗುಣ ತಾನಾಗಿ ಬರುತ್ತದೆ ಅಂತ ಕ್ರೀಡಾ ದಿನಾಚರಣೆಯ ಭಾಷಣಗಳಲ್ಲಿ ಹೇಳುತ್ತೇವೆ. ಅಮೆರಿಕದ ಸ್ಯಾನ್ ಹೊಸೆಯ ಬ್ರೂಸ್ ಒಗಿಲ್ವಿ ಮತ್ತು ಥಾಮಸ್ ಟಟ್ಕೊ ಸಾವಿರಾರು ಆಟಗಾರರ ಸ್ವಭಾವ ಪರೀಕ್ಷಿಸಿದವರು. ಆಟ ಗುಣ ಬೆಳೆಸುತ್ತದೆ ಅನ್ನುವುದಕ್ಕೆ ತಮಗೆ ಪುರಾವೆ ಸಿಗಲಿಲ್ಲ ಅಂತ 1971ರಲ್ಲಿ ಅವರೇ ಬರೆದರು. ಮೊದಲೇ ಗಟ್ಟಿಯಾಗಿದ್ದವರು ಉಳಿಯುತ್ತಾರೆ, ಮಿಕ್ಕವರು ಉದುರಿ ಹೋಗುತ್ತಾರೆ, ಉಳಿದವರನ್ನು ನೋಡಿ ಆಟವೇ ಅವರನ್ನು ಗಟ್ಟಿ ಮಾಡಿತು ಅಂದುಕೊಳ್ಳುತ್ತೇವೆ ಎಂಬುದು ಅವರ ವಾದ. 1980ರ ದಶಕದಲ್ಲಿ ಬ್ರೆಂಡಾ ಬ್ರೆಡ್‌ಮೈಯರ್ ಮತ್ತು ಡೇವಿಡ್ ಶೀಲ್ಡ್ಸ್ ಇನ್ನೊಂದು ವಿಷಯ ಗಮನಿಸಿದರು. ಹೊರಗೆ ಸರಿ-ತಪ್ಪು ಚೆನ್ನಾಗಿ ಯೋಚಿಸುವ ಆಟಗಾರರೇ ಅಂಕಣದೊಳಗೆ ಬೇರೆ ತರಹ ಯೋಚಿಸುತ್ತಾರೆ, ಅಲ್ಲಿ ತಮ್ಮ ಬಗ್ಗೆ ಮಾತ್ರ ನೋಡಿಕೊಂಡರೆ ಸಾಕು ಅನ್ನುತ್ತಾರೆ.

ಇದನ್ನೆಲ್ಲ ಓದಿ ನನಗೆ ಬೇಸರ ಆಗಲಿಲ್ಲ. ನಾವು ಗೆರೆಯ ಪಕ್ಕ ನಿಂತು ಏನು ಕೂಗುತ್ತೇವೆ ಅನ್ನುವುದಕ್ಕೆ ಬೆಲೆ ಇದೆ ಅಂತ ಗೊತ್ತಾಯಿತು. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿದಾಗ ‘ತಿರುಚು’ ಅಂತ ಕೂಗುವವರನ್ನೂ ನೋಡಿದ್ದೇನೆ, ‘ಹಿಡಿದುಕೊಂಡಿರು, ಚೈನ್ ಬರುತ್ತೆ’ ಅಂತ ಕೂಗುವವರನ್ನೂ ನೋಡಿದ್ದೇನೆ. ಎರಡೂ ತಂಡದ ಮಕ್ಕಳು ಅದೇ ಆಟ ಆಡುತ್ತಾರೆ. ಕಲಿಯುವುದು ಒಂದೇ ಅಲ್ಲ.

ಅಪ್ಪ ಅಮ್ಮಂದಿರಿಗೆ ಈಗ ಒಂದು ಮಾತು. ಹೋದ ಬೇಸಿಗೆಯಲ್ಲಿ ತಂದೆಯೊಬ್ಬರು ಮೊಬೈಲ್ ತೆಗೆದು ಮಗನ ‘ಪರ್ಸನಾಲಿಟಿ ರಿಪೋರ್ಟ್’ ತೋರಿಸಿದರು. ದುಡ್ಡು ಕೊಟ್ಟು ಮಾಡಿಸಿದ್ದು. ಬಣ್ಣಬಣ್ಣದ ಗ್ರಾಫ್. ಕೆಳಗೆ ‘ತಂಡದ ಆಟಕ್ಕೆ ಸೂಕ್ತನಲ್ಲ’ ಅಂತ ಇತ್ತು. ಆ ಹುಡುಗ ವಾಲಿಬಾಲ್ ಅಂದರೆ ಜೀವ ಬಿಡುತ್ತಾನೆ. ದಯವಿಟ್ಟು ಇಂಥದ್ದಕ್ಕೆ ದುಡ್ಡು ಹಾಕಬೇಡಿ, ಹಾಕಿದ್ದರೂ ಅದನ್ನು ನಂಬಿ ಮಗುವಿನ ಆಟ ಬಿಡಿಸಬೇಡಿ. ಈ ಪರೀಕ್ಷೆಗಳ ಇತಿಹಾಸ ಉದ್ದ ಇದೆ, ಫಲ ಕಡಿಮೆ. ವಿಲಿಯಂ ಮಾರ್ಗನ್ ಎಂಬ ವಿಜ್ಞಾನಿ, ಗೆಲ್ಲುವ ಆಟಗಾರರಲ್ಲಿ ಉತ್ಸಾಹ ಮೇಲಿರುತ್ತದೆ, ಆತಂಕ, ಖಿನ್ನತೆ, ಸಿಟ್ಟು, ದಣಿವು, ಗೊಂದಲ ಕೆಳಗಿರುತ್ತವೆ ಅಂತ ತೋರಿಸಿದರು. ಗ್ರಾಫ್ ಎಳೆದರೆ ನೀರಿನ ಮೇಲೆ ತಲೆ ಎತ್ತಿದ ಹಿಮಗಡ್ಡೆಯ ಹಾಗೆ ಕಾಣುವುದರಿಂದ ಅದಕ್ಕೆ ಐಸ್‌ಬರ್ಗ್ ಪ್ರೊಫೈಲ್ ಅಂತಲೇ ಹೆಸರು. ಬಹಳ ಪ್ರಸಿದ್ಧವಾಯಿತು. ಆದರೆ ಅದು ಅಳೆಯುವುದು ಆ ದಿನಗಳ ಮನಸ್ಥಿತಿಯನ್ನು, ಹುಟ್ಟುಗುಣವನ್ನಲ್ಲ. 1995ರಲ್ಲಿ ಎಷ್ಟೋ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಆಟಗಾರರ ಸಾಧನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ 1ರಷ್ಟನ್ನೂ ಆ ಪ್ರೊಫೈಲ್ ವಿವರಿಸಲಿಲ್ಲ. ದೊಡ್ಡ ದೊಡ್ಡ ಆಟಗಾರರ ವಿಷಯದಲ್ಲೇ ಇಷ್ಟು. ಏಳನೇ ತರಗತಿ ಹುಡುಗನ ಭವಿಷ್ಯ ಒಂದು ಮೊಬೈಲ್ ರಿಪೋರ್ಟ್‌ನಲ್ಲಿ ಸಿಗುತ್ತದಾ?

ಮತ್ತೆ ಏನು ನೋಡಬೇಕು? ಡೇನಿಯಲ್ ಗೌಲ್ಡ್ ಮತ್ತು ಜೊತೆಯವರ ಕೆಲಸ ನನಗೆ ಇಷ್ಟ. ಒಟ್ಟು 32 ಒಲಿಂಪಿಕ್ ಪದಕ ಗೆದ್ದ 10 ಅಮೆರಿಕನ್ ಒಲಿಂಪಿಕ್ ಚಾಂಪಿಯನ್ನರನ್ನು ಅವರು ಮಾತಾಡಿಸಿದರು. ಅಷ್ಟಕ್ಕೇ ನಿಲ್ಲಿಸದೆ ಅವರ ಕೋಚ್‌ಗಳನ್ನೂ, ತಂದೆ ತಾಯಿ ಇಲ್ಲವೇ ಹತ್ತಿರದವರನ್ನೂ ಕೇಳಿದರು. 2002ರಲ್ಲಿ ಅದು ಪ್ರಕಟವಾಯಿತು. ಆತಂಕ ಬಂದಾಗ ನಿಭಾಯಿಸುವುದು, ಗಮನ ಹಿಡಿದಿಡುವುದು, ದುಡಿಯುವ ಮನಸ್ಸು, ಹೇಳಿದ್ದನ್ನು ಕೇಳಿಸಿಕೊಂಡು ಕಲಿಯುವುದು, ಆಸೆ ಬಿಡದಿರುವುದು, ಇಂಥವು ಅವರೆಲ್ಲರಲ್ಲೂ ಎದ್ದು ಕಂಡವು. ಇವು ಬಂದದ್ದು ಎಲ್ಲಿಂದ ಅಂದರೆ ಮನೆಯವರು, ಕೋಚ್‌ಗಳು, ಸುತ್ತಲಿನವರು ಅಂತ ಉತ್ತರ ಸಿಕ್ಕಿತು. ಈ ಪಟ್ಟಿಯಲ್ಲಿ ಜೋರು ಬಾಯಿ ಇಲ್ಲ, ಗುರಾಯಿಸುವುದೂ ಇಲ್ಲ. ಆತಂಕವೇ ಬರಬಾರದು ಅಂತಲೂ ಇಲ್ಲ.

ಜೋರಾಗಿರುವ ಮಕ್ಕಳನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಕಡೂರಿನ ವೇದಾ ಕೃಷ್ಣಮೂರ್ತಿ ಹುಡುಗರ ಜೊತೆ ಬೀದಿಯಲ್ಲಿ ಕ್ರಿಕೆಟ್ ಆಡಿ ಬೆಳೆದವರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು ಸೆಮಿಫೈನಲ್‌ಗೆ ಹೋಗಲು ಗೆಲ್ಲಲೇಬೇಕಾಗಿದ್ದ ಪಂದ್ಯದಲ್ಲಿ 45 ಎಸೆತಕ್ಕೆ 70 ರನ್ ಬಾರಿಸಿದರು. ನಮ್ಮ ಜಿಲ್ಲೆಯವರೇ ಆದ ಎಚ್.ಎನ್. ಗಿರೀಶ್ ಎಡಗಾಲಿನ ತೊಂದರೆ ಇಟ್ಟುಕೊಂಡೇ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಶ್ರೀನಾಥ್, ವೇದಾ, ಗಿರೀಶ್, ಈ ಮೂವರಿಗೂ ಹೊಂದುವ ಒಂದು ‘ಕ್ರೀಡಾ ಸ್ವಭಾವ’ದ ಅಚ್ಚು ಯಾವುದು ಅಂತ ಯಾರಾದರೂ ಹೇಳಿದರೆ ನಾನು ಕೇಳುತ್ತೇನೆ.

ಮುಖ್ಯ ಶಿಕ್ಷಕರಲ್ಲಿ ವಿನಂತಿ ಚಿಕ್ಕದು. ಅನುಭವ ಅಂದರೆ ದಿನಗಳು, ಗಂಟೆಗಳು. ದಸರಾ ರಜೆ ಮುಗಿದ ಮೇಲೆ ಹತ್ತನೇ ತರಗತಿಯ ಪಿಟಿ ಪೀರಿಯಡ್ ವಿಶೇಷ ತರಗತಿಗೆ ಹೋಗುತ್ತದೆ. ಸಕಲೇಶಪುರ, ಆಲೂರಿನ ಕಡೆ ಮಳೆಗಾಲ ಪೂರ್ತಿ ಮೈದಾನ ಕೆಸರು, ಅಲ್ಲಿ ಆಟದ ದಿನಗಳು ಮೊದಲೇ ಕಡಿಮೆ. ಇದ್ದ ಗಂಟೆಯನ್ನೂ ಬೇರೆ ವಿಷಯಕ್ಕೆ ಕೊಟ್ಟು, ಆಮೇಲೆ ಹೋಬಳಿ ಮಟ್ಟದಲ್ಲಿ ಮಕ್ಕಳು ಹೆದರಿದರು ಅಂತ ಅವರನ್ನೇ ದೂರುವುದು ನ್ಯಾಯ ಅಲ್ಲ. ಕೆಸರಾದರೆ ಜಗಲಿಯಲ್ಲಿ ಚೆಸ್, ಕೇರಂ ಆಡಿಸೋಣ, ಹಗ್ಗ ಜಿಗಿಸೋಣ. ಆದರೆ ಆ ಗಂಟೆ ಮಕ್ಕಳದಾಗಿಯೇ ಉಳಿಯಲಿ.

ಆಯ್ಕೆ ಮಾಡುವವರಲ್ಲಿ ಕೇಳುವುದು ಇನ್ನೂ ಸುಲಭ. ಹಾಳೆಯಲ್ಲಿ ಸ್ವಭಾವದ ಷರಾ ಬೇಡ. ಬರೆಯಲೇಬೇಕಿದ್ದರೆ ನಡೆದದ್ದನ್ನು ಬರೆಯಿರಿ: ‘ಎದುರಾಳಿ ಬಿದ್ದಾಗ ನಿಂತಳು’, ‘ಖೋ ಸಿಗುವ ಮೊದಲೇ ಎದ್ದ’, ‘ಮೊದಲ ರೈಡ್‌ನಲ್ಲಿ ಉಸಿರು ಬಿಟ್ಟ’. ಅದನ್ನು ಓದಿದ ಶಿಕ್ಷಕರಿಗೆ ನಾಳೆ ಏನು ಹೇಳಿಕೊಡಬೇಕು ಅಂತ ಗೊತ್ತಾಗುತ್ತದೆ. ತಂಡದಲ್ಲಿ ಮೀಸಲು ಆಟಗಾರರಾಗಿ ಬಂದ ಮಕ್ಕಳನ್ನು ನೀರಿನ ಬಾಟಲ್ ಹಿಡಿಯುವುದಕ್ಕಷ್ಟೇ ಇಟ್ಟುಕೊಳ್ಳಬೇಡಿ. ಗೆಲುವು ಖಾತ್ರಿ ಆದ ಪಂದ್ಯದ ಕೊನೆಯ ಸರದಿಯಲ್ಲಾದರೂ ಇಳಿಸಿ.

ನಾನು ನಮ್ಮ ಶಾಲೆಯಲ್ಲಿ ಹೀಗೆ ನಡೆದದ್ದನ್ನು ಮಾತ್ರ ಬರೆದಿಡುವ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಮಗುವಿಗೆ ಒಂದು ಪುಟ, ಅಭ್ಯಾಸ ಮುಗಿದ ಮೇಲೆ ಒಂದೆರಡು ಸಾಲು. ಬರೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮುಂದಿನ ತಾಲ್ಲೂಕು ಸಭೆಗೆ ಅದನ್ನು ತರುತ್ತೇನೆ. ನೋಡಬೇಕು ಅನ್ನಿಸಿದವರು ಬಂದು ನೋಡಿ, ಸೇರಿಸಬೇಕಾದ್ದು ಇದ್ದರೆ ಹೇಳಿ. ಈ ವರ್ಷದ ಆಯ್ಕೆಯಲ್ಲಿ ಒಂದೆರಡು ಹೋಬಳಿಯವರಾದರೂ ಹೀಗೆ ಬರೆದು ನೋಡಲು ಒಪ್ಪಿದರೆ, ಹಾಳೆಯ ನಮೂನೆಯನ್ನು ನಾನೇ ಮಾಡಿಕೊಡುತ್ತೇನೆ.

ಇಂತಿ ನಿಮ್ಮ ಸಹೋದ್ಯೋಗಿ,
ದೈಹಿಕ ಶಿಕ್ಷಕಿ, ಅರಸೀಕೆರೆ ತಾಲ್ಲೂಕು